ಕಂಬಕ್ಕೆ ಬಡಿದ ಒದೆ: ಥರ್ಸ್ಟನ್ ನಿಜಕ್ಕೂ ಅಷ್ಟು ದೊಡ್ಡ ಆಟಗಾರನೇ, ಬರೀ ಅದೃಷ್ಟವಂತನೇ?

ಬಿಸಿಲುನಾಡು:
ಕೆಲಸದ ನಿಮಿತ್ತ ಆಸ್ಟ್ರೇಲಿಯಾದ ಟೌನ್ಸ್‌ವಿಲ್‌ನಲ್ಲಿದ್ದೇನೆ. ಈ ಊರಿನಲ್ಲಿ ಕ್ರಿಕೆಟ್ ಮಾತೆತ್ತಿದರೆ ಜನ ಮರ್ಯಾದೆಗೆ ತಲೆಯಾಡಿಸುತ್ತಾರೆ. ರಗ್ಬಿ ಲೀಗ್ ಎಂದರೆ ಕುರ್ಚಿ ಎಳೆದುಕೊಂಡು ಕೂರುತ್ತಾರೆ. ಅದರಲ್ಲೂ ಜೊನಾಥನ್ ಥರ್ಸ್ಟನ್ ಹೆಸರು ಬಂತೆಂದರೆ ಊಟದ ವಿರಾಮ ಮುಗಿದದ್ದೂ ಯಾರಿಗೂ ತಿಳಿಯುವುದಿಲ್ಲ. ಆಟ ಬಿಟ್ಟದ್ದು 2018ರಲ್ಲಿ. ಆದರೂ ಕ್ರೀಡಾಂಗಣದ ಹೊರಗೆ ಪ್ರತಿಮೆ ಇದೆ, ಸಂಜೆ ಉದ್ಯಾನದಲ್ಲಿ ಆತನ ಹಾಗೆಯೇ ತಲೆಗವಚ ಹಾಕಿಕೊಂಡು ಚೆಂಡು ಒದೆಯುವ ಮಕ್ಕಳಿದ್ದಾರೆ.

ಎಲ್ಲರೂ ಹಾಡಿಹೊಗಳುವ 2015ರ ಗ್ರ್ಯಾಂಡ್ ಫೈನಲ್ ಪಂದ್ಯವನ್ನು ಮೊನ್ನೆ ರಜೆಯ ದಿನ ಪೂರ್ತಿ ನೋಡಿದೆ. ಥರ್ಸ್ಟನ್‌ನ ನಾರ್ತ್ ಕ್ವೀನ್ಸ್‌ಲ್ಯಾಂಡ್ ಕೌಬಾಯ್ಸ್ ವಿರುದ್ಧ ಬ್ರಿಸ್ಬೇನ್ ಬ್ರಾಂಕೋಸ್. ಕೊನೆಯ ಕ್ಷಣದಲ್ಲಿ ಕೌಬಾಯ್ಸ್‌ನ ಕೈಲ್ ಫೆಲ್ಟ್ ಮೂಲೆಯಲ್ಲಿ ಟ್ರೈ ಗಳಿಸಿ, ಅಂದರೆ ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೆ ಮುಟ್ಟಿಸಿ, ಅಂಕ 16-16 ಆಯಿತು. ಗೆಲ್ಲಲು ಬೇಕಾಗಿದ್ದದ್ದು ಒಂದು ಕನ್ವರ್ಷನ್, ಅಂದರೆ ಟ್ರೈ ನಂತರ ಚೆಂಡನ್ನು ಕಂಬಗಳ ನಡುವೆ ದಾಟಿಸುವ ಒದೆ. ಒದೆಯಲು ಬಂದದ್ದು ಥರ್ಸ್ಟನ್. ಚೆಂಡು ಕಂಬಕ್ಕೆ ಬಡಿದು ಹೊರಗೆ ಹೋಯಿತು! ಹೆಚ್ಚುವರಿ ಅವಧಿ ಶುರುವಾದ ಮೊದಲ ಒದೆಯನ್ನೇ ಬ್ರಾಂಕೋಸ್‌ನ ಬೆನ್ ಹಂಟ್ ಕೈಚೆಲ್ಲಿದ. ಚೆಂಡು ತಾನಾಗಿ ಇವರ ಕೈಗೆ ಬಂತು, ಥರ್ಸ್ಟನ್ ಫೀಲ್ಡ್ ಗೋಲ್ ಹೊಡೆದ, 17-16. ಪಂದ್ಯಶ್ರೇಷ್ಠನಿಗೆ ಕೊಡುವ ಕ್ಲೈವ್ ಚರ್ಚಿಲ್ ಪದಕವೂ ಆತನಿಗೇ.

ನನ್ನ ತಕರಾರು ಇಷ್ಟೇ. ಹಂಟ್ ಆ ಚೆಂಡು ಹಿಡಿದಿದ್ದರೆ ಇವತ್ತು ಥರ್ಸ್ಟನ್‌ನನ್ನು ‘ಫೈನಲ್‌ನಲ್ಲಿ ಒದೆ ತಪ್ಪಿಸಿದವನು’ ಎನ್ನುತ್ತಿದ್ದರಲ್ಲವೇ? ಇಲ್ಲಿ ಕಚೇರಿಯಲ್ಲಿ ಕೇಳಿದರೆ ನನಗೆ ನಾಳೆಯಿಂದ ಕಾಫಿ ಸಿಗುವುದಿಲ್ಲ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಬೆಣ್ಣೆದೋಸೆ:
ಮೊದಲು ಈ ಆಟ ಯಾವುದು ಎಂದು ಹೇಳಿ ಸ್ವಾಮಿ. ರಗ್ಬಿ ಎಂದರೆ ಮೊಟ್ಟೆಯಾಕಾರದ ಚೆಂಡು, ಕೆಸರು, ತಳ್ಳಾಟ. ಅದರಲ್ಲಿ ಲೀಗ್ ಎಂದರೆ ಐಪಿಎಲ್ ಥರದ ಟೂರ್ನಿಯೇ?

ಕಾಫಿತೋಟ:
ಅಲ್ಲ, ಅದು ಬೇರೆಯೇ ಆಟ. ರಗ್ಬಿಯಲ್ಲಿ ಯೂನಿಯನ್, ಲೀಗ್ ಎಂದು ಎರಡು ಬಗೆ. ಯೂನಿಯನ್‌ನಲ್ಲಿ ತಂಡಕ್ಕೆ 15 ಜನ, ಲೀಗ್‌ನಲ್ಲಿ 13. 1895ರಲ್ಲಿ ಇಂಗ್ಲೆಂಡಿನ ಹಡರ್ಸ್‌ಫೀಲ್ಡ್‌ನ ಜಾರ್ಜ್ ಹೋಟೆಲ್‌ನಲ್ಲಿ ಉತ್ತರ ಭಾಗದ ಕ್ಲಬ್‌ಗಳು ಸಭೆ ಸೇರಿ ಬೇರೆಯಾದವು. ಗಣಿ ಮತ್ತು ಗಿರಣಿ ಕಾರ್ಮಿಕರು ಆಡಲು ಹೋದರೆ ಆ ದಿನದ ಕೂಲಿ ತಪ್ಪುತ್ತಿತ್ತು. ಅದನ್ನು ತುಂಬಿಕೊಡಬೇಕೆಂದು ಇವರು, ದುಡ್ಡು ಮುಟ್ಟಿದರೆ ಆಟ ಕೆಡುತ್ತದೆ ಎಂದು ದಕ್ಷಿಣದ ಸಿರಿವಂತರು. ಆಸ್ಟ್ರೇಲಿಯಾಕ್ಕೆ 1908ರ ಹೊತ್ತಿಗೆ ಬಂತು. ಸಿಡ್ನಿಯಲ್ಲೂ ಬ್ರಿಸ್ಬೇನ್‌ನಲ್ಲೂ ದುಡಿಯುವ ಜನರ ಆಟವಾಗಿಯೇ ಬೆಳೆಯಿತು.

ನಿಯಮ ಸರಳ. ಚೆಂಡು ಇರುವ ತಂಡವನ್ನು ಎದುರಾಳಿ ಆರು ಬಾರಿ ಕೆಡವುವಷ್ಟರಲ್ಲಿ ಅಂಕ ಗಳಿಸಬೇಕು, ಇಲ್ಲವಾದರೆ ಚೆಂಡು ಕೊಡಬೇಕು. ಅದಕ್ಕೇ ಐದನೆಯ ಟ್ಯಾಕಲ್ ಆದ ಮೇಲೆ ಸಾಮಾನ್ಯವಾಗಿ ಒದ್ದುಬಿಡುತ್ತಾರೆ. ಟ್ರೈಗೆ 4, ಅದರ ನಂತರದ ಕನ್ವರ್ಷನ್‌ಗೆ 2, ಪೆನಾಲ್ಟಿ ಗೋಲಿಗೆ 2, ಆಟದ ನಡುವೆ ಒದೆದು ಕಂಬಗಳ ಮಧ್ಯೆ ದಾಟಿಸುವ ಫೀಲ್ಡ್ ಗೋಲಿಗೆ ಸಾಮಾನ್ಯವಾಗಿ 1.

ಬೆಣ್ಣೆದೋಸೆ:
ಅಂದರೆ ಚೆಂಡು ಇಟ್ಟುಕೊಂಡು ಆಡುವ ಕಬಡ್ಡಿ. ಅರ್ಥವಾಯಿತು, ಮುಂದುವರಿಯಿರಿ.

ಕಾಫಿತೋಟ:
ಕಬಡ್ಡಿಯಲ್ಲಿ ಹಿಡಿದರೆ ಔಟ್. ಇಲ್ಲಿ ಹಿಡಿದು ಕೆಡವಿದ ಮೇಲೂ ಎದ್ದು ನಿಂತು ಚೆಂಡನ್ನು ಕಾಲಿನಿಂದ ಹಿಂದಕ್ಕೆ ಉರುಳಿಸಿ ಆಟ ಮುಂದುವರಿಸುತ್ತಾನೆ. ಆದರೂ ಪರವಾಗಿಲ್ಲ, ಸದ್ಯಕ್ಕೆ ಹಾಗೇ ಇರಲಿ.

ಅಂಕಿಅಂಶದ ಅಜ್ಜ:
ಬಿಸಿಲುನಾಡು ಅವರೇ, ಒಂದೇ ಪಂದ್ಯ ನೋಡಿ ನ್ಯಾಯಾಧೀಶರಾಗಬೇಡಿ. ವರ್ಷದ ಅತ್ಯುತ್ತಮ ಆಟಗಾರನಿಗೆ ಕೊಡುವ ಡ್ಯಾಲಿ ಎಂ ಪದಕ ಥರ್ಸ್ಟನ್‌ಗೆ ನಾಲ್ಕು ಬಾರಿ ಬಂದಿದೆ: 2005, 2007, 2014, 2015. ಅಷ್ಟು ಬಾರಿ ಗೆದ್ದವರು ಬೇರೆ ಯಾರೂ ಇಲ್ಲ. ವಿಶ್ವದ ಅತ್ಯುತ್ತಮ ಆಟಗಾರನಿಗೆ ಕೊಡುವ ಗೋಲ್ಡನ್ ಬೂಟ್ ಮೂರು ಬಾರಿ: 2011, 2013, 2015. ರಾಷ್ಟ್ರೀಯ ಲೀಗ್‌ನಲ್ಲಿ 323 ಪಂದ್ಯ, ಅದರಲ್ಲಿ 294 ಕೌಬಾಯ್ಸ್ ಪರ. 2,200ಕ್ಕೂ ಹೆಚ್ಚು ಅಂಕ. ಆಸ್ಟ್ರೇಲಿಯಾ ಪರ 38 ಟೆಸ್ಟ್. ಮೊದಲ ಡ್ಯಾಲಿ ಎಂ ಪದಕಕ್ಕೂ ಕೊನೆಯದಕ್ಕೂ ಹತ್ತು ವರ್ಷದ ಅಂತರ ಇದೆ ಎನ್ನುವುದನ್ನು ಗಮನಿಸಿ. ಹತ್ತು ವರ್ಷ ಯಾರ ಅದೃಷ್ಟವೂ ಬಾಳಿಕೆ ಬರುವುದಿಲ್ಲ.

ಬಿಸಿಲುನಾಡು:
ಅಜ್ಜ, ಪದಕಗಳ ಪಟ್ಟಿ ನನಗೂ ಗೊತ್ತು. ನನ್ನ ಪ್ರಶ್ನೆ ಬೇರೆ. ಜನ ಆತನನ್ನು ಪೂಜಿಸುವುದು ಪದಕಗಳಿಗಲ್ಲ, ಆ ಒಂದು ರಾತ್ರಿಗೆ. ಆ ರಾತ್ರಿಯ ಅತಿ ಮುಖ್ಯ ಒದೆ ತಪ್ಪಿತ್ತು.

ಮೂರನೇ ಅಂಪೈರ್:
ನಾನು ಬಿಸಿಲುನಾಡು ಅವರ ಪಕ್ಷ. ಇನ್ನೊಂದು ಮಾತು ಸೇರಿಸುತ್ತೇನೆ. 2017ರಲ್ಲಿ ಭುಜದ ಗಾಯದಿಂದ ಥರ್ಸ್ಟನ್ ಅರ್ಧ ಋತು ಹೊರಗಿದ್ದ. ಸಹ ನಾಯಕ ಮ್ಯಾಟ್ ಸ್ಕಾಟ್ ಕೂಡ ಇರಲಿಲ್ಲ. ಆದರೂ ಕೌಬಾಯ್ಸ್ ಗ್ರ್ಯಾಂಡ್ ಫೈನಲ್‌ವರೆಗೆ ಹೋಯಿತು. ಹಾಗಾದರೆ ತಂಡ ನಿಂತಿದ್ದದ್ದು ಒಬ್ಬನ ಮೇಲೆಯೇ?

ಕಾಫಿತೋಟ:
ಹೋಗಿ ಏನಾಯಿತು ಎಂಬುದನ್ನೂ ಬರೆಯಿರಿ. ಮೆಲ್ಬರ್ನ್ ಸ್ಟಾರ್ಮ್ ವಿರುದ್ಧ 34-6ರ ಸೋಲು.

ಮೂರನೇ ಅಂಪೈರ್:
ಆ ವರ್ಷದ ಸ್ಟಾರ್ಮ್ ಎದುರು ಥರ್ಸ್ಟನ್ ಇದ್ದಿದ್ದರೂ ಸೋಲೇ. ಕ್ಯಾಮರಾನ್ ಸ್ಮಿತ್, ಕೂಪರ್ ಕ್ರಾಂಕ್, ಬಿಲ್ಲಿ ಸ್ಲೇಟರ್ ಮೂವರೂ ಒಂದೇ ತಂಡದಲ್ಲಿ.

ಉತ್ತರದವಳು:
ಟೌನ್ಸ್‌ವಿಲ್‌ನಲ್ಲಿ ಬಹಳ ಕಾಲದಿಂದ ಇದ್ದೇನೆ, ಕೌಬಾಯ್ಸ್ ಸದಸ್ಯತ್ವವೂ ಇದೆ, ಆದ್ದರಿಂದ ಪಕ್ಷಪಾತ ಇದ್ದೇ ಇದೆ. ಆದರೆ ಅದೃಷ್ಟದ ಲೆಕ್ಕ ಹಾಕುವುದಾದರೆ ಪೂರ್ತಿ ಹಾಕಬೇಕು ಬಿಸಿಲುನಾಡು ಅವರೇ, 2015ರಿಂದ ಶುರು ಮಾಡಿದರೆ ಆಗುವುದಿಲ್ಲ.

2012ರ ಸೆಮಿಫೈನಲ್, ಎದುರಾಳಿ ಮ್ಯಾನ್ಲಿ. ಕೀರನ್ ಫೋರಾನ್ ಕೈಗೆ ತಗುಲಿ ಚೆಂಡು ಮುಂದಕ್ಕೆ ಹೋದದ್ದು ಮನೆಯಲ್ಲಿ ಕೂತವರಿಗೂ ಕಂಡಿತ್ತು. ಅದು ಈ ಆಟದಲ್ಲಿ ತಪ್ಪು, ಆದರೂ ಟ್ರೈ ಕೊಟ್ಟರು. ನಾವು ಹೊರಗೆ.

2013, ಎದುರಾಳಿ ಕ್ರೊನುಲ್ಲಾ. ಆರು ಟ್ಯಾಕಲ್‌ಗಳ ಆಟದಲ್ಲಿ ಅವರು ಏಳನೆಯ ಟ್ಯಾಕಲ್‌ನಲ್ಲಿ ಟ್ರೈ ಗಳಿಸಿದರು! ರೆಫರಿ ಎಣಿಕೆ ತಪ್ಪಿದ್ದ. 20-18ರಲ್ಲಿ ಸೋತೆವು. ಎರಡೇ ಅಂಕ.

2014ರ ಸೆಮಿಫೈನಲ್, ಸಿಡ್ನಿ ರೂಸ್ಟರ್ಸ್. 30-0 ಹಿಂದಿದ್ದೆವು. ಅಲ್ಲಿಂದ ಎದ್ದು 30-30 ಮಾಡಿದೆವು. ಅವರು ಫೀಲ್ಡ್ ಗೋಲ್ ಹೊಡೆದು 31-30. ಕೊನೆಯ ನಿಮಿಷದಲ್ಲಿ ಥರ್ಸ್ಟನ್ ಗೆರೆ ದಾಟಿದ, ಇಡೀ ಊರು ಕುರ್ಚಿ ಬಿಟ್ಟು ಎದ್ದಿತು. ಅದಕ್ಕೂ ಮೊದಲು ರಾಬರ್ಟ್ ಲುಯಿ ಕೈಯಿಂದ ಚೆಂಡು ಮುಂದಕ್ಕೆ ಜಾರಿತ್ತೆಂದು ಟ್ರೈ ರದ್ದು. ಆ ತೀರ್ಪು ಸರಿಯಾಗಿಯೇ ಇತ್ತು, ಅದಕ್ಕೇ ಇನ್ನೂ ಹೆಚ್ಚು ನೋವಾಯಿತು.

ಮೂರು ವರ್ಷ ಸಾಲಾಗಿ ಹೀಗೆ ಮನೆಗೆ ಬಂದವರಿಗೆ ನಾಲ್ಕನೆಯ ವರ್ಷ ಯಾರೋ ಒಂದು ಚೆಂಡು ಕೈಬಿಟ್ಟರೆ ‘ಅದೃಷ್ಟ’ ಎನ್ನುತ್ತೀರಿ. ಇರಲಿ, ಹಳೆಯ ಬಾಕಿ ತೀರಿತು ಎಂದುಕೊಳ್ಳುತ್ತೇವೆ.

ಬೆಣ್ಣೆದೋಸೆ:
ಏಳನೆಯ ಟ್ಯಾಕಲ್! ಅಂದರೆ ಓವರಿಗೆ ಏಳು ಎಸೆತ ಹಾಕಿ ಆ ಏಳನೆಯದಕ್ಕೆ ವಿಕೆಟ್ ತೆಗೆದ ಹಾಗೆ. ನಮ್ಮಲ್ಲಾಗಿದ್ದರೆ ಟಿವಿ ಚಾನೆಲ್‌ಗಳಿಗೆ ಒಂದು ವಾರ ಹಬ್ಬ.

ಆರ್‌ಸಿಬಿ ಭಕ್ತ:
ಕೌಬಾಯ್ಸ್ ಎಷ್ಟು ವರ್ಷ ಕಾಯಬೇಕಾಯಿತು?

ಅಂಕಿಅಂಶದ ಅಜ್ಜ:
ತಂಡ ಸ್ಪರ್ಧೆಗೆ ಬಂದದ್ದು 1995ರಲ್ಲಿ, ಮೊದಲ ವರ್ಷವೇ ಕೊನೆಯ ಸ್ಥಾನ. 2005ರಲ್ಲಿ ಥರ್ಸ್ಟನ್ ಬಂದ ಮೊದಲ ವರ್ಷವೇ ಗ್ರ್ಯಾಂಡ್ ಫೈನಲ್ ತಲುಪಿ ವೆಸ್ಟ್ಸ್ ಟೈಗರ್ಸ್‌ಗೆ 30-16ರಲ್ಲಿ ಸೋತಿತು. ಅಂತೂ ಗೆದ್ದದ್ದು 2015ರ ಅಕ್ಟೋಬರ್ 4ರಂದು.

ಆರ್‌ಸಿಬಿ ಭಕ್ತ:
20 ವರ್ಷ. ನಾವು 18. ಆ ಊರಿನವರಿಗೆ ನನ್ನ ಸಾಷ್ಟಾಂಗ ನಮಸ್ಕಾರ ತಿಳಿಸಿ. ‘ಈ ಸಲ ಕಪ್ ನಮ್ದೇ’ ಎಂದು ಅಲ್ಲಿಯೂ ಪ್ರತಿ ವರ್ಷ ಕೂಗುತ್ತಿದ್ದರೇ?

ಮೂರನೇ ಅಂಪೈರ್:
ದಯವಿಟ್ಟು ಆರ್‌ಸಿಬಿಯನ್ನು ಇದರೊಳಗೆ ತರಬೇಡಿ. ಬಂದರೆ ಈ ಚರ್ಚೆ ಇನ್ನೂರು ಪ್ರತಿಕ್ರಿಯೆ ದಾಟುತ್ತದೆ, ಥರ್ಸ್ಟನ್ ಹೆಸರು ಅದರಲ್ಲಿ ಎಲ್ಲಿಯೂ ಇರುವುದಿಲ್ಲ.

ನೀಲಿ ಅಂಗಿ:
ಸಿಡ್ನಿಯಿಂದ ಬರೆಯುತ್ತಿದ್ದೇನೆ. ನ್ಯೂ ಸೌತ್ ವೇಲ್ಸ್ ಬೆಂಬಲಿಗ, ಅಂದರೆ ಥರ್ಸ್ಟನ್ ನನಗೆ ಹುಟ್ಟು ವೈರಿ. ವೈರಿಯ ಸಾಕ್ಷಿಗೆ ಬೆಲೆ ಹೆಚ್ಚು, ಆದ್ದರಿಂದ ಕೇಳಿ.

ಇಲ್ಲಿ ವರ್ಷಕ್ಕೊಮ್ಮೆ ಸ್ಟೇಟ್ ಆಫ್ ಒರಿಜಿನ್ ಎಂಬ ಮೂರು ಪಂದ್ಯಗಳ ಸರಣಿ ನಡೆಯುತ್ತದೆ. ಕ್ವೀನ್ಸ್‌ಲ್ಯಾಂಡ್ ವಿರುದ್ಧ ನ್ಯೂ ಸೌತ್ ವೇಲ್ಸ್. ಕ್ಲಬ್‌ನಲ್ಲಿ ಒಟ್ಟಿಗೆ ಆಡುವವರೇ ಅವತ್ತು ಎದುರು ಬದುರು. ಇದರ ಮುಂದೆ ಟೆಸ್ಟ್ ಪಂದ್ಯವೂ ಸಪ್ಪೆ. 2017ರ ಮೊದಲ ಪಂದ್ಯದಲ್ಲಿ ನಾವು ಬ್ರಿಸ್ಬೇನ್‌ಗೇ ಹೋಗಿ 28-4ರಲ್ಲಿ ಹೊಡೆದಿದ್ದೆವು. ಥರ್ಸ್ಟನ್ ಗಾಯಗೊಂಡು ಹೊರಗಿದ್ದ. ಎರಡನೆಯದು ಸಿಡ್ನಿಯಲ್ಲಿ. ನಾನು ಭಾವಮೈದುನನ ಜೊತೆ ಮೇಲಿನ ಸಾಲಿನಲ್ಲಿ ಕೂತಿದ್ದೆ. ಅರ್ಧ ವೇಳೆಗೆ ನಾವು 16-6 ಮುಂದು. ಸರಣಿ ಗೆದ್ದೆವೆಂದು ಸುತ್ತಲಿನವರು ಆಗಲೇ ಹಾಡಲು ಶುರು ಮಾಡಿದ್ದರು.

ಥರ್ಸ್ಟನ್ ಆ ಪಂದ್ಯಕ್ಕೆ ಮರಳಿದ್ದ. ಆರಂಭದಲ್ಲೇ ಭುಜಕ್ಕೆ ಮತ್ತೆ ಏಟು ಬಿತ್ತು. ಒಂದು ಕೈಯನ್ನು ಮೈಗೆ ಒತ್ತಿಕೊಂಡೇ ಓಡುತ್ತಿದ್ದ. ಬೇರೆಯವರಾಗಿದ್ದರೆ ಹೊರಗೆ ಹೋಗಿ ಐಸ್ ಇಟ್ಟುಕೊಂಡು ಕೂರುತ್ತಿದ್ದರು. ಇನ್ನೇನು ಮೂರು ನಿಮಿಷ ಉಳಿದಿರುವಾಗ ಡೇನ್ ಗಗಾಯ್ ಬದಿಯಲ್ಲಿ ಟ್ರೈ ಗಳಿಸಿದ, 16-16. ಕನ್ವರ್ಷನ್ ಒದೆಯಬೇಕಾದದ್ದು ಅಂಚಿನ ಗೆರೆಯ ಹತ್ತಿರದಿಂದ. ಚೆಂಡನ್ನು ಸ್ಟ್ಯಾಂಡ್ ಮೇಲೆ ಓರೆಯಾಗಿ ಕೂರಿಸಿದ, ಹಿಂದಕ್ಕೆ ಅಳೆದು ಹೆಜ್ಜೆ ಇಟ್ಟ, ಕಂಬ ನೋಡಿದ, ಚೆಂಡು ನೋಡಿದ, ಮತ್ತೆ ಕಂಬ ನೋಡಿದ. ಇಡೀ ಕ್ರೀಡಾಂಗಣ ಬೈಯುತ್ತಿತ್ತು, ನಾನೂ ಬೈಯುತ್ತಿದ್ದೆ. ಆತನ ಒದೆ ಮೊದಲು ಹೊರಗೆ ಹೋದ ಹಾಗೆ ಕಾಣುತ್ತದೆ, ಆಮೇಲೆ ಎಡಕ್ಕೆ ಬಾಗಿ ಒಳಗೆ ಬರುತ್ತದೆ. ಹಾಗೆಯೇ ಬಂತು. 18-16.

ಅದೇ ಆತನ ಕೊನೆಯ ಒರಿಜಿನ್ ಪಂದ್ಯ. ಆ ಭುಜ ಋತು ಮುಗಿಯುವವರೆಗೂ ಸರಿಹೋಗಲಿಲ್ಲ. ಮೂರನೆಯ ಪಂದ್ಯವನ್ನೂ ಕ್ವೀನ್ಸ್‌ಲ್ಯಾಂಡ್ ಗೆದ್ದು ಸರಣಿ ಒಯ್ದಿತು. ಕಂಬಕ್ಕೆ ಬಡಿದ ಒದೆಯ ಬಗ್ಗೆ ಹೇಳುವವರು ಈ ಒದೆಯನ್ನೂ ನೋಡಿ ಬರಬೇಕು.

ಅಂಕಿಅಂಶದ ಅಜ್ಜ:
ಅದಕ್ಕೂ ಮೊದಲು 36 ಒರಿಜಿನ್ ಪಂದ್ಯ ಸತತವಾಗಿ ಆಡಿದ್ದ, 2005ರ ಮೊದಲನೆಯದರಿಂದ 2016ರ ಕೊನೆಯದರವರೆಗೆ ಒಂದನ್ನೂ ಬಿಡದೆ. ಗಾಯ, ಫಾರ್ಮ್, ಆಯ್ಕೆಗಾರರ ಮರ್ಜಿ ಎಲ್ಲವನ್ನೂ ದಾಟಿ 12 ವರ್ಷ. 2006ರಿಂದ 2013ರವರೆಗೆ ಕ್ವೀನ್ಸ್‌ಲ್ಯಾಂಡ್ ಸತತ ಎಂಟು ಸರಣಿ ಗೆದ್ದಾಗ ಪ್ರತಿ ಪಂದ್ಯದಲ್ಲೂ ಇದ್ದವನು ಈತ.

2005ರ ಆ ಚೊಚ್ಚಲ ಪಂದ್ಯವೂ ಸ್ವಾರಸ್ಯಕರ. ಕೊನೆಗಳಿಗೆಯಲ್ಲಿ ಫೀಲ್ಡ್ ಗೋಲ್ ಹೊಡೆದು 20-20 ಮಾಡಿ ಗೋಲ್ಡನ್ ಪಾಯಿಂಟ್‌ಗೆ ಎಳೆದದ್ದು ಥರ್ಸ್ಟನ್. ಆಮೇಲೆ ಮ್ಯಾಟ್ ಬೋವೆನ್ ಎದುರಾಳಿಯ ಪಾಸ್ ಕಸಿದು ಓಡಿ ಗೆಲ್ಲಿಸಿದ. ಅಂದರೆ ಗೋಲ್ಡನ್ ಪಾಯಿಂಟ್ ಒತ್ತಡ ಆತನಿಗೆ 2015ರಲ್ಲಿ ಹೊಸದಾಗಿರಲಿಲ್ಲ.

ಬೆಣ್ಣೆದೋಸೆ:
ಗೋಲ್ಡನ್ ಪಾಯಿಂಟ್ ಎಂದರೆ?

ಕಾಫಿತೋಟ:
80 ನಿಮಿಷಕ್ಕೆ ಸಮವಾದರೆ ಹೆಚ್ಚುವರಿ ಅವಧಿಯಲ್ಲಿ ಯಾರು ಮೊದಲು ಅಂಕ ಗಳಿಸುತ್ತಾರೋ ಅವರೇ ಗೆದ್ದಂತೆ.

ಮೂರನೇ ಅಂಪೈರ್:
ಒರಿಜಿನ್ ದಾಖಲೆಗೆ ನನ್ನ ವಿರೋಧವಿಲ್ಲ. ಆದರೆ ಆ ಕ್ವೀನ್ಸ್‌ಲ್ಯಾಂಡ್ ತಂಡದಲ್ಲಿ ಲಾಕ್ಯರ್, ಸ್ಮಿತ್, ಸ್ಲೇಟರ್, ಇಂಗ್ಲಿಸ್ ಇದ್ದರು. ಅಂಥವರ ನಡುವೆ ಹಾಫ್‌ಬ್ಯಾಕ್ (ದಾಳಿಯನ್ನು ನಡೆಸುವ ಆಟಗಾರ) ಆಗಿ ನಿಂತರೆ ಯಾರು ಬೇಕಾದರೂ ಮೆರೆಯುತ್ತಾರೆ. ನ್ಯೂ ಸೌತ್ ವೇಲ್ಸ್‌ನ ಆಂಡ್ರ್ಯೂ ಜಾನ್ಸ್ ನ್ಯೂಕ್ಯಾಸಲ್‌ನಂಥ ತಂಡಕ್ಕೆ 1997ರಲ್ಲೂ 2001ರಲ್ಲೂ ಪ್ರಶಸ್ತಿ ತಂದ. ನನ್ನ ಪ್ರಕಾರ ಅತ್ಯುತ್ತಮ ಹಾಫ್‌ಬ್ಯಾಕ್ ಜಾನ್ಸ್. ಥರ್ಸ್ಟನ್ ಎರಡನೆಯವನು.

ನೀಲಿ ಅಂಗಿ:
ಸ್ವಾಮಿ, ನಾನೇ ಸಿಡ್ನಿಯವನು, ನಾನೇ ಜಾನ್ಸ್ ಎನ್ನಬೇಕಾದವನು. ಆದರೂ ಒಂದು ವ್ಯತ್ಯಾಸ ಇದೆ. ಜಾನ್ಸ್ ಪಂದ್ಯವನ್ನು ಮೊದಲ ಅರ್ಧ ಗಂಟೆಯಲ್ಲಿ ಮುಗಿಸಿಬಿಡುತ್ತಿದ್ದ. ಥರ್ಸ್ಟನ್ 79ನೆಯ ನಿಮಿಷದವರೆಗೂ ನಿಮ್ಮನ್ನು ನಿದ್ದೆ ಮಾಡಲು ಬಿಡುತ್ತಿರಲಿಲ್ಲ. ಬೆಂಬಲಿಗರಿಗೆ ಯಾವುದು ಹೆಚ್ಚು ಹಿಂಸೆ ಎಂದು ನನ್ನನ್ನು ಕೇಳಿ.

ಕಾಫಿತೋಟ:
2015ರ ಸಮಬಲದ ಟ್ರೈ ಬಗ್ಗೆಯೂ ಒಂದು ಮಾತು. ಎಲ್ಲರೂ ಮೈಕೇಲ್ ಮಾರ್ಗನ್ ಕೈಹಿಂದಿನಿಂದ ಫೆಲ್ಟ್‌ಗೆ ಎಸೆದ ಪಾಸ್ ನೋಡುತ್ತಾರೆ. ನೋಡಲೇಬೇಕು, ಅದ್ಭುತ. ಆದರೆ ಮರುಪ್ರಸಾರವನ್ನು ಸ್ವಲ್ಪ ಹಿಂದಕ್ಕೆ ಓಡಿಸಿ. ಸಮಯ ಮುಗಿಯುತ್ತಾ ಬಂದಿದೆ, ಕೆಡವಿದರೆ ಆಟ ಸಮಾಪ್ತಿ. ಥರ್ಸ್ಟನ್ ಅತ್ತ ಇತ್ತ ನುಸುಳಿ ಚೆಂಡನ್ನು ಜೀವಂತ ಇಟ್ಟು ಮಾರ್ಗನ್‌ಗೆ ದಾಟಿಸುತ್ತಾನೆ. ಕನ್ವರ್ಷನ್ ತಪ್ಪಿದ್ದು ನಿಜ. ಆದರೆ ಕನ್ವರ್ಷನ್ ಒದೆಯುವ ಅವಕಾಶ ಎಲ್ಲಿಂದ ಬಂತು?

ಬಿಸಿಲುನಾಡು:
ಇದು ನಾನು ಗಮನಿಸದ ವಿಷಯ. ಇವತ್ತು ರಾತ್ರಿ ಮತ್ತೆ ನೋಡುತ್ತೇನೆ. ಆದರೆ ಹಂಟ್ ಪ್ರಶ್ನೆಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ.

ಅಮ್ಮನ ಡಬ್ಬಿ:
ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾವು ಬ್ರಿಸ್ಬೇನ್‌ಗೆ ಬಂದು ಹೆಚ್ಚು ಕಾಲವಾಗಿಲ್ಲ. ಮಗ ಶಾಲೆಯ ಗೆಳೆಯರ ಜೊತೆ ಈ ಆಟಕ್ಕೆ ಸೇರುತ್ತೇನೆಂದು ಹಟ ಹಿಡಿದಿದ್ದಾನೆ. ಥರ್ಸ್ಟನ್ ಹಾಕುತ್ತಿದ್ದಂಥ ತಲೆಗವಚ ಕೊಡಿಸಿದರೆ ತಲೆಗೆ ಏನೂ ಆಗುವುದಿಲ್ಲ ಎಂದು ಅವನ ವಾದ. ನಿಜವೇ?

ಉತ್ತರದವಳು:
ಇಲ್ಲ ಅಕ್ಕ, ನಿಜವಲ್ಲ. ಆ ಮೆತ್ತನೆಯ ಕವಚ ಕಿವಿ ಜಜ್ಜದಂತೆ, ಚರ್ಮ ಹರಿಯದಂತೆ ಕಾಪಾಡುತ್ತದೆ. ಮಿದುಳು ಅಲುಗುವ ಪೆಟ್ಟನ್ನು ಅದು ತಡೆಯುವುದಿಲ್ಲ. ಹಾಕಿಕೊಂಡಿದ್ದೇನೆಂಬ ಧೈರ್ಯದಲ್ಲಿ ಮಕ್ಕಳು ತಲೆ ಮುಂದಿಟ್ಟು ನುಗ್ಗುತ್ತಾರೆ, ಅದು ಇನ್ನೂ ಅಪಾಯ. ಚಿಕ್ಕ ಮಕ್ಕಳಿಗೆ ಕೆಡವುವುದೇ ಇಲ್ಲದ ಬಗೆಯೊಂದಿದೆ, ಸೊಂಟಕ್ಕೆ ಅಂಟಿಸಿದ ಪಟ್ಟಿಯನ್ನು ಕಿತ್ತರೆ ಟ್ಯಾಕಲ್ ಎಂದು ಲೆಕ್ಕ. ಅಲ್ಲಿಂದ ಶುರು ಮಾಡಿಸಿ. ತಲೆಗೆ ಪೆಟ್ಟು ಬಿದ್ದ ದಿನ ‘ಚೆನ್ನಾಗಿದ್ದೇನೆ’ ಎಂದರೂ ಮತ್ತೆ ಅಂಗಳಕ್ಕೆ ಬಿಡಬೇಡಿ, ವೈದ್ಯರಿಗೆ ತೋರಿಸಿ.

ಕಾಫಿತೋಟ:
ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. 2015ರ ಆ ಕೌಬಾಯ್ಸ್ ತಂಡದ ಕೋಚ್ ಪಾಲ್ ಗ್ರೀನ್, ತಾನೂ ಹಾಫ್‌ಬ್ಯಾಕ್ ಆಗಿ ಆಡಿದವರು, 2022ರಲ್ಲಿ ತೀರಿಕೊಂಡರು. ಕುಟುಂಬದವರು ಮಿದುಳನ್ನು ಸಂಶೋಧನೆಗೆ ಕೊಟ್ಟರು. ಪದೇ ಪದೇ ತಲೆಗೆ ಬೀಳುವ ಪೆಟ್ಟಿನಿಂದ ಬರುವ ಸಿಟಿಇ ಎಂಬ ಮಿದುಳಿನ ಕಾಯಿಲೆ ತೀವ್ರವಾಗಿ ಇತ್ತೆಂದು ತಿಳಿದುಬಂತು. ಕಪ್ ಎತ್ತಿದ ಆ ರಾತ್ರಿಯ ಚಿತ್ರಗಳಲ್ಲಿ ಅವರ ನಗು ನೋಡಿದಾಗಲೆಲ್ಲ ಸಂಕಟವಾಗುತ್ತದೆ.

ಅಮ್ಮನ ಡಬ್ಬಿ:
ತಿಳಿಸಿದ್ದು ಒಳ್ಳೆಯದಾಯಿತು. ಪಟ್ಟಿ ಕೀಳುವ ಆಟಕ್ಕೆ ಸೇರಿಸುತ್ತೇನೆ. ಕವಚ ಕೊಡಿಸದೆ ಬಿಡುವುದಿಲ್ಲ ಎಂದು ಕಾಣುತ್ತದೆ, ಅದು ಬೇರೆ ಮಾತು.

ಗುಂಗು:
ಯಾರೂ ಮುಟ್ಟದ ಒಂದು ಮಗ್ಗುಲಿದೆ. ಥರ್ಸ್ಟನ್ ಗುಂಗಾರಿ ಜನಾಂಗದವನು, ನೈಋತ್ಯ ಕ್ವೀನ್ಸ್‌ಲ್ಯಾಂಡ್‌ನ ಮೂಲನಿವಾಸಿಗಳು. ಹುಟ್ಟಿದ್ದು 1983ರಲ್ಲಿ ಬ್ರಿಸ್ಬೇನ್‌ನಲ್ಲಿ. ಮೈಕಟ್ಟು ಚಿಕ್ಕದು, ಈ ಆಟಕ್ಕೆ ಆಗುವುದಿಲ್ಲ ಎಂದು ಒಂದಾದ ಮೇಲೊಂದು ಕ್ಲಬ್ ವಾಪಸ್ ಕಳಿಸಿತ್ತು. ಕೊನೆಗೆ ಸಿಡ್ನಿಯ ಬುಲ್‌ಡಾಗ್ಸ್ ಕೈಹಿಡಿಯಿತು.

2015ರ ಫೈನಲ್ ಮುಗಿದ ಮೇಲೆ ಅಂಗಳದಲ್ಲಿ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡ ಚಿತ್ರ ಲೋಕವೆಲ್ಲ ಸುತ್ತಿತು. ಆ ಮಗುವಿನ ಕೈಯಲ್ಲಿದ್ದದ್ದು ಕಪ್ಪು ಬಣ್ಣದ ಗೊಂಬೆ. ಅಂಗಡಿಯ ಕಪಾಟಿನಲ್ಲಿ ತಮ್ಮ ಹಾಗೆ ಕಾಣುವ ಗೊಂಬೆಯನ್ನೇ ಕಾಣದೆ ಬೆಳೆದ ಜನರಿಗೆ ಅದು ಏನಾಗಿ ಕಂಡಿರಬೇಕು! ಮೂಲನಿವಾಸಿ ಮಕ್ಕಳ ಶಾಲೆ, ಆರೋಗ್ಯ ಎಂದು ಆತ ಓಡಾಡಿದ್ದಕ್ಕೆ 2017ರಲ್ಲಿ ಆಸ್ಟ್ರೇಲಿಯಾದ ಮಾನವ ಹಕ್ಕುಗಳ ಪದಕ ಬಂತು. ಪೂಜೆ ಆ ಒಂದು ರಾತ್ರಿಗೆ ಮಾತ್ರ ಎನ್ನುವವರು ಟೌನ್ಸ್‌ವಿಲ್‌ನಲ್ಲಿ ಮೂಲನಿವಾಸಿ ಕುಟುಂಬವೊಂದನ್ನು ಕೇಳಿ ನೋಡಲಿ.

ಉತ್ತರದವಳು:
ನಮ್ಮ ಪಕ್ಕದ ಮನೆಯವರೇ ಇದ್ದಾರೆ. ಪಂದ್ಯ ಮುಗಿದ ಮೇಲೆ ಬೇಲಿಯ ಹತ್ತಿರ ನಿಂತ ಮಗುವೊಂದಕ್ಕೆ ತಲೆಗವಚ ಬಿಚ್ಚಿ ಕೊಡುವುದು ಥರ್ಸ್ಟನ್‌ನ ಪದ್ಧತಿಯಾಗಿತ್ತು. ಅವರ ಹುಡುಗನಿಗೆ ಒಮ್ಮೆ ಸಿಕ್ಕಿತ್ತು. ತಾಯಿ ತೊಳೆಯಲು ಹೋದರೆ ಹುಡುಗ ಕೂಗಾಡಿಬಿಟ್ಟ. ಬೆವರಿನ ಕಲೆ ಹಾಗೆಯೇ ಇರುವ ಕವಚ ಈಗಲೂ ಅವರ ಹಜಾರದ ಗಾಜಿನ ಪೆಟ್ಟಿಗೆಯಲ್ಲಿದೆ. ಒದೆಯುವ ಮೊದಲು ಸ್ಟ್ಯಾಂಡ್ ತಂದುಕೊಡುವ ಹುಡುಗರ ಕೈಕುಲುಕುತ್ತಿದ್ದದ್ದನ್ನೂ ಟಿವಿಯಲ್ಲಿ ನೋಡಿರುತ್ತೀರಿ. ಗೆಲ್ಲುತ್ತಿದ್ದರೂ ಸೋಲುತ್ತಿದ್ದರೂ ಅದು ತಪ್ಪುತ್ತಿರಲಿಲ್ಲ.

ಮೂರನೇ ಅಂಪೈರ್:
ಒಳ್ಳೆಯ ಮನುಷ್ಯ, ಒಪ್ಪಿದೆ. ಒಳ್ಳೆಯ ಮನುಷ್ಯನಾಗಿರುವುದು ಅತ್ಯುತ್ತಮ ಆಟಗಾರ ಎನ್ನುವುದಕ್ಕೆ ಪುರಾವೆಯಲ್ಲ.

ಗುಂಗು:
ಪುರಾವೆ ಎಂದು ನಾನು ಹೇಳಲಿಲ್ಲ. ಪೂಜೆ ಯಾಕೆ ಎಂಬ ಪ್ರಶ್ನೆಗೆ ಉತ್ತರ ಕೊಟ್ಟೆ.

ನೀಲಿ ಅಂಗಿ:
2004ರ ಉಂಗುರದ ಕಥೆ ಇನ್ನೂ ಬಂದಿಲ್ಲವಲ್ಲ! ಆಗ ಥರ್ಸ್ಟನ್ ಬುಲ್‌ಡಾಗ್ಸ್‌ನಲ್ಲಿದ್ದ. ನಾಯಕ ಸ್ಟೀವ್ ಪ್ರೈಸ್ ಮಂಡಿ ಗಾಯದಿಂದ ಗ್ರ್ಯಾಂಡ್ ಫೈನಲ್ ತಪ್ಪಿಸಿಕೊಂಡರು, ಆ ಜಾಗ ಥರ್ಸ್ಟನ್‌ಗೆ ಸಿಕ್ಕಿತು, ಬೆಂಚಿನಿಂದ ಬಂದು ಆಡಿದ. ರೂಸ್ಟರ್ಸ್ ವಿರುದ್ಧ 16-13ರ ಗೆಲುವು. ಗೆದ್ದವರಿಗೆ ಕೊಡುವ ಉಂಗುರವನ್ನು, ಇದು ನಿಮ್ಮದು ಎಂದು ಪ್ರೈಸ್‌ಗೆ ಕೊಟ್ಟುಬಿಟ್ಟ. ಆಗ ವಯಸ್ಸು 21. ಮುಂದಿನ ವರ್ಷವೇ ಕೌಬಾಯ್ಸ್ ಸೇರಿದ. ಕೊಟ್ಟ ಉಂಗುರಕ್ಕೆ ಬದಲು ತನ್ನದೊಂದು ಸಿಗಲು 11 ವರ್ಷ ಹಿಡಿಯಿತು.

ಆರ್‌ಸಿಬಿ ಭಕ್ತ:
ಇದನ್ನು ಓದಿ ನಾನು ಈಗ ಪೂರ್ತಿ ಕೌಬಾಯ್ಸ್ ಪಕ್ಷ. ಆರ್‌ಸಿಬಿ ಮಾತು ಎತ್ತುವುದಿಲ್ಲ, ಬೈಯಬೇಡಿ.

ಮೂರನೇ ಅಂಪೈರ್:
ಇಷ್ಟೆಲ್ಲ ಇದ್ದರೆ ಈ ಆಟದ ಅತ್ಯುನ್ನತ ಗೌರವವಾದ ‘ಅಮರರು’ (ಇಮ್ಮಾರ್ಟಲ್ಸ್) ಪಟ್ಟಿಗೆ ಯಾಕೆ ಸೇರಿಸಿಲ್ಲ? 2024ರಲ್ಲಿ 14ನೆಯವರಾಗಿ ಸೇರಿಸಿದ್ದು ರಾನ್ ಕೂಟ್ ಅವರನ್ನು.

ಅಂಕಿಅಂಶದ ಅಜ್ಜ:
ಕೂಟ್ 1960, 70ರ ದಶಕಗಳ ಆಟಗಾರರು, ಅವರಿಗೆ ತಡವಾಗಿ ಬಂದ ಗೌರವ. ಸರದಿಯಲ್ಲಿ ಕ್ಯಾಮರಾನ್ ಸ್ಮಿತ್ ಬೇರೆ ಇದ್ದಾನೆ, 430 ಪಂದ್ಯ ಆಡಿದವನು. ಇಬ್ಬರಲ್ಲಿ ಯಾರು ಮೊದಲು ಎಂದು ಕೇಳಿದರೆ ನಾನು ಸ್ಮಿತ್ ಎನ್ನುತ್ತೇನೆ. ಉತ್ತರದವಳು ಕಲ್ಲು ಹೊಡೆಯುವ ಮೊದಲು ಓಡುತ್ತೇನೆ.

ಉತ್ತರದವಳು:
ಓಡಿ ಅಜ್ಜ, ಮಂಡಿ ಜೋಪಾನ.

ಬಿಸಿಲುನಾಡು:
ಎಲ್ಲ ಓದಿದೆ. ಪಂದ್ಯವನ್ನೂ ಮತ್ತೆ ನೋಡಿದೆ. ಕಾಫಿತೋಟ ಹೇಳಿದ ಆ ಕೊನೆಯ ಓಟ ನಿಜಕ್ಕೂ ಬೇರೆಯೇ ಮಟ್ಟದ್ದು. ಒದೆ ಕಂಬಕ್ಕೆ ಬಡಿದ ಮೇಲೆ ಆತನ ಮುಖವನ್ನೂ ಈ ಬಾರಿ ಗಮನಿಸಿದೆ. ಸ್ವಲ್ಪ ಹೊತ್ತಿನಲ್ಲೇ ಅದೇ ಕಾಲಿನಿಂದ ಫೀಲ್ಡ್ ಗೋಲ್ ಹೊಡೆಯಲು ಹಿಂದೆಮುಂದೆ ನೋಡಲಿಲ್ಲ. ನನಗಾಗಿದ್ದರೆ ಕಾಲೇ ಏಳುತ್ತಿರಲಿಲ್ಲ. ಆದರೂ ಜಾನ್ಸ್, ಸ್ಮಿತ್ ಇವರೆಲ್ಲರಿಗಿಂತ ಮೇಲೆ ಎಂದು ಒಪ್ಪಲು ನನಗಿನ್ನೂ ಸಮಯ ಬೇಕು. ಹಂಟ್ ವಿಷಯದಲ್ಲಂತೂ ಬೇಸರ ಹೋಗಿಲ್ಲ. 82,758 ಜನರ ಮುಂದೆ ಹಾಗಾದವನು ಆಮೇಲೆ ಬದುಕಿದ್ದು ಹೇಗೆ?

ಕಾಫಿತೋಟ:
ಚೆನ್ನಾಗಿಯೇ ಬದುಕಿದ. ವರ್ಷಗಟ್ಟಲೆ ಬೈಗುಳ ತಿಂದ, ಬ್ರಾಂಕೋಸ್ ಬಿಟ್ಟು ಸೇಂಟ್ ಜಾರ್ಜ್ ಇಲ್ಲವಾರಾ ತಂಡಕ್ಕೆ ಹೋಗಿ ನಾಯಕನೂ ಆದ. 2022ರ ಒರಿಜಿನ್ ನಿರ್ಣಾಯಕ ಪಂದ್ಯದಲ್ಲಿ ನೇಥನ್ ಕ್ಲಿಯರಿಯ ಒದೆಯನ್ನು ಎದೆಯೊಡ್ಡಿ ತಡೆದು, ಚೆಂಡನ್ನು ಎತ್ತಿಕೊಂಡು ಓಡಿ ಟ್ರೈ ಗಳಿಸಿ ಕ್ವೀನ್ಸ್‌ಲ್ಯಾಂಡ್ ಗೆಲುವನ್ನು ಖಚಿತಪಡಿಸಿದ. ಬ್ರಿಸ್ಬೇನ್‌ನಲ್ಲೇ, ಅದೇ ಜನರ ಮುಂದೆ. 2025ರಲ್ಲಿ ಬ್ರಾಂಕೋಸ್‌ಗೆ ಮರಳಿದ, ಆ ವರ್ಷದ ಗ್ರ್ಯಾಂಡ್ ಫೈನಲ್‌ನಲ್ಲಿ ಮೆಲ್ಬರ್ನ್ ವಿರುದ್ಧ 26-22ರ ಗೆಲುವು. ಆಗ ಆತನಿಗೆ 35.

ನೀಲಿ ಅಂಗಿ:
2022ರ ಆ ಟ್ರೈ ನೆನಪಿಸಿದ್ದಕ್ಕೆ ಧನ್ಯವಾದ. ರಾತ್ರಿ ಊಟ ಸೇರುವುದಿಲ್ಲ.

ಬೆಣ್ಣೆದೋಸೆ:
ಒಂದೇ ಒಂದು ಪಂದ್ಯ ನೋಡುವ ಪುರುಸೊತ್ತು ಇರುವವನಿಗೆ ಯಾವುದು ಹೇಳುತ್ತೀರಿ? 2015ರದ್ದರ ಕಥೆ ಎಲ್ಲ ಹೇಳಿಬಿಟ್ಟಿರಿ.

ಉತ್ತರದವಳು:
2014, ರೂಸ್ಟರ್ಸ್ ವಿರುದ್ಧದ ಸೆಮಿಫೈನಲ್. ಸೋತದ್ದು ಎಂದು ಗೊತ್ತಿದ್ದರೂ ನೋಡಿ. 30-0 ಆದಾಗ ಎದ್ದು ಹೋಗಬೇಡಿ.